ಕೆಳಗಿಳಿದ ತಂಡ ಮರುವರ್ಷವೇ ಮೇಲೇರುತ್ತಾ? ‘ನೂರಕ್ಕೆ ನೂರು ಪಕ್ಕಾ’ ಫಾರ್ವರ್ಡ್‌ಗಳ ಹಿಂದಿನ ಲೆಕ್ಕ

ಸೀಸನ್ ಶುರುವಾಗುವ ಮೊದಲು ಫುಟ್‌ಬಾಲ್ ಗುಂಪುಗಳಲ್ಲಿ ಒಂದೇ ಧಾಟಿಯ ಸಂದೇಶಗಳು ಓಡಾಡುತ್ತವೆ. ‘ಹೋದ ವರ್ಷ ಕೆಳಗಿಳಿದ ತಂಡ ಈ ವರ್ಷ ಪಕ್ಕಾ ಮೇಲೆ ಬರುತ್ತೆ, ಇತಿಹಾಸ ನೋಡಿ.’ ಅದರ ಬೆನ್ನಿಗೇ ಇನ್ನೊಂದು: ‘ಒಮ್ಮೆ ಬಿದ್ದ ತಂಡದ ಕಥೆ ಮುಗೀತು, ಮತ್ತೆ ಏಳಲ್ಲ.’ ಎರಡಕ್ಕೂ ಬೆಂಕಿಯ ಎಮೋಜಿ, ಎರಡಕ್ಕೂ ನೂರಾರು ಫಾರ್ವರ್ಡ್.

ಈ ವಿಷಯ ನಮಗೆ ದೂರದ್ದಲ್ಲ. ಕರ್ನಾಟಕದ ಎಸ್‌ಸಿ ಬೆಂಗಳೂರು ತಂಡ 2024-25ರ ಐ-ಲೀಗ್‌ನಲ್ಲಿ ಕೊನೆಯ ಎರಡು ಸ್ಥಾನಗಳಲ್ಲಿ ಒಂದಕ್ಕೆ ಕುಸಿದು, ಡೆಲ್ಲಿ ಎಫ್‌ಸಿ ಜೊತೆ ಹಿಂಬಡ್ತಿ ಪಡೆಯಿತು. ಅದು ಮತ್ತೆ ಮೇಲೆ ಬರುತ್ತದೆಯೇ ಎಂದು ಸೀಸನ್‌ಗೆ ಮುಂಚೆಯೇ ಹೇಳಬಹುದೇ? ಹೇಳುವುದಾದರೆ ಯಾವ ಲೆಕ್ಕದ ಮೇಲೆ? ನಾವು ಹಳೆಯ ಫಲಿತಾಂಶಗಳನ್ನು ಕೂಡಿಸಿ ನೋಡಿದೆವು.

ಚುಟುಕು ಉತ್ತರ

ಎರಡೂ ಫಾರ್ವರ್ಡ್ ತಪ್ಪು. ಕೆಳಗಿಳಿದ ತಂಡಗಳಲ್ಲಿ ಒಂದಷ್ಟು ಮರುವರ್ಷವೇ ಬರುತ್ತವೆ, ಹೆಚ್ಚಿನವು ಬರುವುದಿಲ್ಲ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನ ಹತ್ತು ಸೀಸನ್‌ಗಳನ್ನು ತೆಗೆದುಕೊಂಡರೆ 30 ತಂಡಗಳಲ್ಲಿ 11 ಮಾತ್ರ ಮುಂದಿನ ಸೀಸನ್‌ನಲ್ಲೇ ವಾಪಸಾದವು. ಭಾರತದಲ್ಲಿ ದಾರಿ ಇನ್ನೂ ಕಷ್ಟದ್ದು.

ಮೊದಲು: ಹಿಂಬಡ್ತಿ ಅಂದರೇನು?

ಐಪಿಎಲ್ ನೋಡಿ ಬೆಳೆದವರಿಗೆ ಇದು ಹೊಸತು. ಐಪಿಎಲ್‌ನಲ್ಲಿ ಕೊನೆಯ ಸ್ಥಾನಕ್ಕೆ ಬಿದ್ದರೂ ಮುಂದಿನ ವರ್ಷ ಅದೇ ಟೂರ್ನಿ, ಅದೇ ಎದುರಾಳಿಗಳು. ನಮ್ಮ ಆರ್‌ಸಿಬಿ 2017 ಮತ್ತು 2019ರಲ್ಲಿ ಪಟ್ಟಿಯ ತಳದಲ್ಲಿತ್ತು. ಆದರೂ ಎಲ್ಲಿಗೂ ಇಳಿಯಲಿಲ್ಲ.

ಫುಟ್‌ಬಾಲ್ ಲೀಗ್‌ಗಳು ಹೆಚ್ಚಾಗಿ ಮೆಟ್ಟಿಲಿನಂತೆ. ಕೊನೆಯಲ್ಲಿ ಉಳಿದವರು ಕೆಳಗಿನ ಮೆಟ್ಟಿಲಿಗೆ ಇಳಿಯಬೇಕು, ಕೆಳಗಿನ ಮೆಟ್ಟಿಲಲ್ಲಿ ಗೆದ್ದವರು ಮೇಲೆ ಹತ್ತಬೇಕು. 2024-25ರಲ್ಲಿ ಐ-ಲೀಗ್‌ನ ಕೆಳಗೆ ಐ-ಲೀಗ್ 2, ಅದರ ಕೆಳಗೆ ಐ-ಲೀಗ್ 3 ಇದ್ದವು. ಎಸ್‌ಸಿ ಬೆಂಗಳೂರು 2023-24ರಲ್ಲಿ ಗೋವಾದ ಡೆಂಪೊ ಜೊತೆ ಐ-ಲೀಗ್ 2ರಿಂದ ಮೇಲೆ ಹತ್ತಿತ್ತು. ಒಂದೇ ಸೀಸನ್‌ನಲ್ಲಿ ಇಳಿಯಿತು.

ಹೀಗಾಗುವುದು ಅಪರೂಪವಲ್ಲ. ಇಂಗ್ಲೆಂಡಿನಲ್ಲಿ 2022-23ರಲ್ಲಿ ಮೇಲೆ ಬಂದ ಮೂರೂ ತಂಡಗಳು ಮರುವರ್ಷ ಇಳಿದವು. 2023-24ರಲ್ಲಿ ಬಂದ ಮೂರೂ ತಂಡಗಳ ಗತಿ ಅದೇ ಆಯಿತು.

ಹೆಸರಿನ ಗೊಂದಲ: ಇಳಿದದ್ದು ಯಾವ ಬೆಂಗಳೂರು?

ಫಾರ್ವರ್ಡ್‌ಗಳಲ್ಲಿ ಸುಲಭವಾಗಿ ಕಲಸಿಹೋಗುವ ಸಂಗತಿ ಇದು. ಬೆಂಗಳೂರಿನ ಮೂರು ಬೇರೆ ಬೇರೆ ಕ್ಲಬ್‌ಗಳಿವೆ.

• ಬೆಂಗಳೂರು ಎಫ್‌ಸಿ: ಸುನಿಲ್ ಚೆಟ್ರಿ ಆಡುವ ತಂಡ. 2013ರಲ್ಲಿ ಶುರುವಾಯಿತು. 2013-14 ಮತ್ತು 2015-16ರಲ್ಲಿ ಐ-ಲೀಗ್ ಗೆದ್ದು, 2017ರಲ್ಲಿ ಐಎಸ್‌ಎಲ್‌ಗೆ ಹೋಯಿತು. 2018-19ರಲ್ಲಿ ಐಎಸ್‌ಎಲ್ ಕೂಡ ಗೆದ್ದಿತು.

• ಎಫ್‌ಸಿ ಬೆಂಗಳೂರು ಯುನೈಟೆಡ್: ಎರಡನೇ ಹಂತದ ಲೀಗ್‌ನಲ್ಲಿ ಹಲವು ಸೀಸನ್ ಆಡಿರುವ ತಂಡ.

• ಎಸ್‌ಸಿ ಬೆಂಗಳೂರು: 2024-25ರಲ್ಲಿ ಐ-ಲೀಗ್‌ನಿಂದ ಇಳಿದ ತಂಡ.

ಹಾಗಾಗಿ ‘ಚೆಟ್ರಿ ತಂಡಕ್ಕೆ ಹಿಂಬಡ್ತಿ’ ಎಂಬ ಸಂದೇಶ ಬಂದರೆ ಅದು ಸುಳ್ಳು. 2024-25ರ ಸೀಸನ್ ಮುಗಿಯುವವರೆಗೆ ಐಎಸ್‌ಎಲ್‌ನಿಂದ ಒಂದು ತಂಡವೂ ಕೆಳಗಿಳಿದಿಲ್ಲ.

ಹತ್ತು ಸೀಸನ್, ಮೂವತ್ತು ತಂಡ

ಸರಿಯಾದ ದಾಖಲೆ ಸಿಗುವುದು, ನಿಯಮ ಆಗಾಗ ಬದಲಾಗದೇ ಇರುವುದು ಇಂಗ್ಲೆಂಡಿನಲ್ಲಿ. ಅಲ್ಲಿ ಪ್ರತಿ ವರ್ಷ ಮೂರು ತಂಡ ಇಳಿಯುತ್ತವೆ, ಮೂರು ಹತ್ತುತ್ತವೆ. ಇಳಿದ ಸೀಸನ್ ಮತ್ತು ಅವುಗಳಲ್ಲಿ ಮರುವರ್ಷವೇ ವಾಪಸಾದ ತಂಡಗಳು ಹೀಗಿವೆ:

• 2014-15: ಎರಡು (ಬರ್ನ್‌ಲಿ, ಹಲ್ ಸಿಟಿ)
• 2015-16: ಒಂದು (ನ್ಯೂಕ್ಯಾಸಲ್)
• 2016-17: ಸೊನ್ನೆ
• 2017-18: ಸೊನ್ನೆ
• 2018-19: ಒಂದು (ಫುಲ್‌ಹ್ಯಾಮ್)
• 2019-20: ಎರಡು (ನಾರ್ವಿಚ್, ವಾಟ್‌ಫರ್ಡ್)
• 2020-21: ಒಂದು (ಫುಲ್‌ಹ್ಯಾಮ್)
• 2021-22: ಒಂದು (ಬರ್ನ್‌ಲಿ)
• 2022-23: ಎರಡು (ಲೆಸ್ಟರ್, ಸೌತಾಂಪ್ಟನ್)
• 2023-24: ಒಂದು (ಬರ್ನ್‌ಲಿ)

ಒಟ್ಟು 30ರಲ್ಲಿ 11. ಅಂದರೆ ಶೇ 37ರ ಆಸುಪಾಸು. ಮೂರರಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚು, ಅರ್ಧಕ್ಕಿಂತ ಕಡಿಮೆ.

ಇದೇ ಪಟ್ಟಿಯಿಂದ ಎರಡು ‘ಇತಿಹಾಸ’ ತಯಾರಿಸಬಹುದು, ನೋಡಿ. 2016-17 ಮತ್ತು 2017-18 ಮಾತ್ರ ತೋರಿಸಿದರೆ ಆರರಲ್ಲಿ ಸೊನ್ನೆ: ‘ಬಿದ್ದವರು ಏಳುವುದೇ ಇಲ್ಲ.’ 2018-19ರಿಂದ ಈಚೆಗೆ ಮಾತ್ರ ತೋರಿಸಿದರೆ 18ರಲ್ಲಿ 8: ‘ಹೆಚ್ಚುಕಡಿಮೆ ಅರ್ಧದಷ್ಟು ತಂಡ ವಾಪಸ್.’ ಎರಡರಲ್ಲೂ ಸುಳ್ಳು ಅಂಕಿ ಇಲ್ಲ. ಸುಳ್ಳು ಇರುವುದು ಆಯ್ಕೆಯಲ್ಲಿ. ಒಂದು ಮಳೆಗಾಲ ನೋಡಿ ತೊಗರಿ ಬೆಳೆಯ ಭವಿಷ್ಯ ಹೇಳಿದ ಹಾಗೆ. ಮಹಾರಾಷ್ಟ್ರ ಗಡಿಗೆ ಹತ್ತಿದ ಹಿರೋಳ್ಳಿಯಲ್ಲಾಗಲಿ, ಆಳಂದ, ಅಫಜಲಪುರ, ಜೇವರ್ಗಿಯ ಹೊಲಗಳಲ್ಲಾಗಲಿ ಯಾವ ರೈತರೂ ಹೋದ ವರ್ಷದ ಇಳುವರಿ ಒಂದನ್ನೇ ನೋಡಿ ಈ ವರ್ಷದ ಸಾಲಕ್ಕೆ ಕೈ ಹಾಕುವುದಿಲ್ಲ. ಹಲವು ವರ್ಷಗಳ ಸರಾಸರಿ ಮನಸ್ಸಿನಲ್ಲಿರುತ್ತದೆ. ಆಟಕ್ಕೂ ಅದೇ ಲೆಕ್ಕ ಸಾಕು.

ಇನ್ನೊಂದು ಸೂಕ್ಷ್ಮ ಇದೆ. ಆ 11 ವಾಪಸಾತಿಗಳಲ್ಲಿ ಮೂರು ಬರ್ನ್‌ಲಿಯದು, ಎರಡು ಫುಲ್‌ಹ್ಯಾಮ್‌ನದು. ಅಂದರೆ ಐದು ಸಲ ಬಂದದ್ದು ಎರಡೇ ಕ್ಲಬ್. ಎದುರು ತುದಿಯಲ್ಲಿ ಸಂಡರ್‌ಲ್ಯಾಂಡ್ 2017ರಲ್ಲಿ ಇಳಿದು, 2018ರಲ್ಲಿ ಇನ್ನೂ ಒಂದು ಮೆಟ್ಟಿಲು ಜಾರಿತು. ಪ್ರೀಮಿಯರ್ ಲೀಗ್‌ಗೆ ಮರಳಲು 2025ರವರೆಗೆ ಕಾಯಬೇಕಾಯಿತು. ಲೂಟನ್ ತಂಡವೂ 2024 ಮತ್ತು 2025ರಲ್ಲಿ ಸಾಲಾಗಿ ಎರಡು ಮೆಟ್ಟಿಲು ಇಳಿಯಿತು. ‘ಕೆಳಗಿಳಿದ ತಂಡ’ ಎಂಬ ಒಂದೇ ಹಣೆಪಟ್ಟಿಯೊಳಗೆ ಇಷ್ಟು ಬೇರೆ ಬೇರೆ ಕಥೆಗಳಿವೆ.

ಭಾರತದ ಕಥೆ ಬೇರೆ ಯಾಕೆ?

ಇಂಗ್ಲೆಂಡಿನಲ್ಲಿ ಇಳಿದ ಕ್ಲಬ್‌ಗಳ ಕೈ ಹಿಡಿಯಲು ಪ್ರೀಮಿಯರ್ ಲೀಗ್ ಮೂರು ವರ್ಷದವರೆಗೆ ಹಣ ಕೊಡುತ್ತದೆ. ಅದಕ್ಕೆ ‘ಪ್ಯಾರಾಚೂಟ್’ ಹಣ ಎಂದೇ ಹೆಸರು. ಮೇಲಿಂದ ಬೀಳುವವನಿಗೆ ಪ್ಯಾರಾಚೂಟ್ ಇದ್ದಂತೆ. ಹೀಗಾಗಿ ಕೆಳಗಿನ ಲೀಗ್‌ನಲ್ಲಿ ಉಳಿದ ತಂಡಗಳಿಗಿಂತ ಅವರ ಜೇಬು ದೊಡ್ಡದು, ಆಟಗಾರರನ್ನು ಉಳಿಸಿಕೊಳ್ಳುವುದು ಸುಲಭ. ಇಷ್ಟೆಲ್ಲ ಇದ್ದೂ ಅಲ್ಲಿ ವಾಪಸಾಗುವುದು ಮೂರರಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚು.

ಐ-ಲೀಗ್‌ನಿಂದ ಇಳಿದವರಿಗೆ ಅಂಥ ಪ್ಯಾರಾಚೂಟ್ ಇಲ್ಲ. ಇಲ್ಲಿನ ಕೆಲವು ಉದಾಹರಣೆಗಳು:

• 2007-08ರ ಮೊದಲ ಐ-ಲೀಗ್‌ನಿಂದ ಸಾಲ್ಗಾಂವ್ಕರ್ ಮತ್ತು ವಿವಾ ಕೇರಳ ಇಳಿದವು. ಎರಡೂ 2009-10ಕ್ಕೆ ವಾಪಸಾದವು. ಸಾಲ್ಗಾಂವ್ಕರ್ ಅಂತೂ 2010-11ರಲ್ಲಿ ಚಾಂಪಿಯನ್ ಆಯಿತು.

• 2010-11ರಲ್ಲಿ ಜೆಸಿಟಿ ಮತ್ತು ಒಎನ್‌ಜಿಸಿ ಇಳಿದವು. ಒಎನ್‌ಜಿಸಿ 2012-13ಕ್ಕೆ ಮರಳಿತು. 1996-97ರ ಮೊದಲ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಗೆದ್ದಿದ್ದ ಜೆಸಿಟಿ 2011ರಲ್ಲಿ ಬಾಗಿಲು ಮುಚ್ಚಿತು.

• 2011-12ರಲ್ಲಿ ನಮ್ಮ ಬೆಂಗಳೂರಿನ ಎಚ್‌ಎಎಲ್ ತಂಡ ಇಳಿಯಿತು. ಅದು ಮತ್ತೆ ಐ-ಲೀಗ್‌ಗೆ ಬರಲೇ ಇಲ್ಲ.

• 2022-23ರಲ್ಲಿ ಸುದೇವ ಡೆಲ್ಲಿ, ಮುಂಬೈ ಕೆಂಕ್ರೆ, 2023-24ರಲ್ಲಿ ಮಣಿಪುರದ ಟ್ರಾವ್ ಮತ್ತು ನೆರೋಕಾ ಇಳಿದವು. ಈ ನಾಲ್ಕರಲ್ಲಿ ಒಂದೂ ಮರುವರ್ಷ ಮೇಲೆ ಬರಲಿಲ್ಲ. 2024-25ರಲ್ಲಿ ಬಡ್ತಿ ಸಿಕ್ಕಿದ್ದು ಡೈಮಂಡ್ ಹಾರ್ಬರ್ ಮತ್ತು ಚಾನ್‌ಮಾರಿ ತಂಡಗಳಿಗೆ.

ಇಲ್ಲಿ ‘ಮೇಲೇರುತ್ತದೆಯೇ’ ಎಂಬುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ತಂಡ ಉಳಿಯುತ್ತದೆಯೇ? ಕ್ಲಬ್ ನಡೆಸುವವರು ಕೈಬಿಟ್ಟರೆ ಆಟಗಾರರ ಸಂಬಳ ನಿಲ್ಲುತ್ತದೆ, ಕಿರಿಯರ ತಂಡಗಳು ನಿಲ್ಲುತ್ತವೆ. ಎಸ್‌ಸಿ ಬೆಂಗಳೂರು ಇಳಿದ ಮೇಲೆ ಐ-ಲೀಗ್‌ನಲ್ಲಿ ಕರ್ನಾಟಕದ ಒಂದೂ ತಂಡ ಉಳಿಯಲಿಲ್ಲ. ಐಎಸ್‌ಎಲ್ ಮಟ್ಟ ಮುಟ್ಟದ, ಆದರೆ ರಾಜ್ಯ ಲೀಗ್‌ಗಿಂತ ಮೇಲೆ ಆಡಬಲ್ಲ ಹುಡುಗರಿಗೆ ಸೊಂತ ರಾಜ್ಯದಲ್ಲಿದ್ದ ಮಧ್ಯದ ಮೆಟ್ಟಿಲು ಅದು.

ಹಾಗಾದರೆ ಸಾಧ್ಯತೆ ಅಳೆಯುವುದು ಹೇಗೆ?

ಮೊದಲು ಬರೀ ಗಣಿತ. ಒಂದು ಲೀಗ್‌ನಲ್ಲಿ ಒಂಬತ್ತು ತಂಡ ಇವೆ, ಎರಡಕ್ಕೆ ಬಡ್ತಿ ಎಂದಿಟ್ಟುಕೊಳ್ಳಿ. ಎಲ್ಲರೂ ಸಮಬಲರಾದರೆ ಪ್ರತಿ ತಂಡಕ್ಕೂ ಒಂಬತ್ತರಲ್ಲಿ ಎರಡು ಪಾಲು, ಅಂದರೆ ಶೇ 22ರಷ್ಟು ಅವಕಾಶ. ಇದು ಆರಂಭದ ಅಂಕಿ. ಮೇಲಿನ ಲೀಗ್‌ನಲ್ಲಿ ಆಡಿಬಂದ ಅನುಭವಕ್ಕೆ ಇದನ್ನು ಸ್ವಲ್ಪ ಏರಿಸಬಹುದು. ಆಮೇಲೆ ಈ ಪ್ರಶ್ನೆಗಳನ್ನು ಕೇಳಿ, ಏರಿಸಿ ಇಲ್ಲವೇ ಇಳಿಸಿ:

1. ಕಳೆದ ಸೀಸನ್ ಆಡಿದವರಲ್ಲಿ ಎಷ್ಟು ಮಂದಿ ಉಳಿದಿದ್ದಾರೆ? ಗೋಲು ಹೊಡೆದವರೇ ಬಿಟ್ಟುಹೋಗಿದ್ದರೆ ಹೆಸರು ಒಂದೇ, ತಂಡ ಬೇರೆ.

2. ಕೋಚ್ ಯಾರು, ಸೀಸನ್‌ಗೆ ಎಷ್ಟು ಮುಂಚೆ ಬಂದರು?

3. ಕ್ಲಬ್‌ಗೆ ಲೈಸೆನ್ಸ್, ಮೈದಾನ, ಪ್ರಾಯೋಜಕರು ಸರಿಯಾಗಿದ್ದಾರೆಯೇ?

4. ಎಷ್ಟು ತಂಡ, ಎಷ್ಟು ಪಂದ್ಯ, ಎಷ್ಟು ಬಡ್ತಿ? ನಮ್ಮಲ್ಲಿ ಇದೇ ಕೊನೆಯವರೆಗೂ ಸ್ಪಷ್ಟವಿರುವುದಿಲ್ಲ. 2025ರ ಜುಲೈನಲ್ಲಿ ಐಎಸ್‌ಎಲ್ ಸಂಘಟಕರು 2025-26ರ ಸೀಸನ್ ತಡೆಹಿಡಿದಿರುವುದಾಗಿ ತಿಳಿಸಿದ್ದರು. ಅದೇ ತಿಂಗಳು 2024-25ರ ಐ-ಲೀಗ್ ಕಪ್ ಯಾರದ್ದೆಂದು ಸ್ವಿಟ್ಜರ್‌ಲ್ಯಾಂಡಿನ ಕ್ರೀಡಾ ನ್ಯಾಯಮಂಡಳಿ ತೀರ್ಮಾನಿಸಿತು. ಮೊದಲು ಚಾಂಪಿಯನ್ ಎಂದು ಘೋಷಿತವಾಗಿದ್ದ ಚರ್ಚಿಲ್ ಬ್ರದರ್ಸ್ ಬದಲು ಇಂಟರ್ ಕಾಶಿಗೆ ಕಪ್ ಹೋಯಿತು. ಮೈದಾನದ ಹೊರಗಿನ ತೀರ್ಪನ್ನು ಯಾವ ಭವಿಷ್ಯಕಾರರು ಮುಂಚೆ ಹೇಳಿಯಾರು?

ಅಭ್ಯಾಸ ಪಂದ್ಯದ ಗೆಲುವಿಗೆ ಹೆಚ್ಚು ತೂಕ ಕೊಡಬೇಡಿ. ಅಲ್ಲಿ ಕೋಚ್‌ಗಳು ಗೆಲ್ಲುವುದಕ್ಕಿಂತ ಎಲ್ಲರನ್ನೂ ಆಡಿಸಿ ನೋಡುವುದಕ್ಕೆ ಇಳಿಯುತ್ತಾರೆ.

ಕಳೆದ ವರ್ಷದ ಸೋಲಿಗೂ ಅತಿ ತೂಕ ಬೇಡ. ತೀರಾ ಕೆಟ್ಟ ಸೀಸನ್‌ನಲ್ಲಿ ಆಟದ ಕೊರತೆ ಜೊತೆಗೆ ಗಾಯ, ದುರದೃಷ್ಟ ಎಲ್ಲ ಕೂಡಿರುತ್ತವೆ. ಅವೆಲ್ಲ ಮುಂದಿನ ವರ್ಷ ಹಾಗೆಯೇ ಒಟ್ಟಿಗೆ ಬರುವುದು ಕಡಿಮೆ. ತೀರಾ ಒಳ್ಳೆಯ ಸೀಸನ್‌ಗೂ ಇದೇ ಮಾತು. ಆರ್‌ಸಿಬಿ 2016ರಲ್ಲಿ ಫೈನಲ್ ಆಡಿ 2017ರಲ್ಲಿ ಕೊನೆಗೆ ಬಿತ್ತು. 2019ರಲ್ಲಿ ಕೊನೆಗಿದ್ದದ್ದು 2020ರಲ್ಲಿ ಪ್ಲೇಆಫ್ ಮುಟ್ಟಿತು. ‘ಈ ಸಲ ಕಪ್ ನಮ್ದೆ’ ಎನ್ನುತ್ತಲೇ ಬಂದ ಅಭಿಮಾನಿಗಳ ಮಾತು ನಿಜವಾದದ್ದು 2025ರಲ್ಲಿ, 18ನೇ ಸೀಸನ್‌ನಲ್ಲಿ. ಆಸೆ ಇಟ್ಟುಕೊಳ್ಳುವುದರಲ್ಲಿ ತಪ್ಪಿಲ್ಲ. ಆಸೆಯನ್ನು ಅಂಕಿ ಎಂದು ಮಾರುವುದು ತಪ್ಪು.

‘ಶೇ 70’ ಅಂದರೆ ‘ಪಕ್ಕಾ’ ಅಲ್ಲ

ಯಾರಾದರೂ ‘ಈ ತಂಡಕ್ಕೆ ಶೇ 70 ಅವಕಾಶ’ ಎಂದರೆ, ಅಂಥದೇ ಹತ್ತು ಸಂದರ್ಭಗಳಲ್ಲಿ ಮೂರು ಸಲ ಅದು ಆಗುವುದಿಲ್ಲ ಎಂದೂ ಹೇಳಿದಂತೆಯೇ. ಆಗದಿದ್ದರೆ ‘ಲೆಕ್ಕ ಸುಳ್ಳು’ ಎನ್ನುವಂತಿಲ್ಲ, ಆದರೆ ‘ನೋಡಿ, ನಾನು ಹೇಳಿದ್ದೆ’ ಎನ್ನುವಂತೆಯೂ ಇಲ್ಲ. ಒಂದು ಫಲಿತಾಂಶದಿಂದ ಭವಿಷ್ಯಕಾರರ ಜಾಣತನ ತಿಳಿಯುವುದಿಲ್ಲ. ಅವರು ಹೇಳಿದ ಹಲವು ಮಾತುಗಳನ್ನು, ತಪ್ಪಿದವನ್ನೂ ಸೇರಿಸಿ, ನೋಡಬೇಕು.

ಐದಕ್ಕೆ ಐದೂ ಸರಿ ಹೇಳಿದವರನ್ನು ನಂಬಬಹುದಾ?

ಹಣ ಕಳೆದುಕೊಳ್ಳುವ ಜಾಗ ಇದೇ. ಒಬ್ಬ 3,200 ನಂಬರ್‌ಗಳನ್ನು ಕೂಡಿಸಿಕೊಳ್ಳುತ್ತಾನೆ ಎನ್ನಿ. ಅರ್ಧ ಜನರಿಗೆ ‘ನಾಳೆ ಈ ತಂಡ ಗೆಲ್ಲುತ್ತೆ’, ಇನ್ನರ್ಧಕ್ಕೆ ‘ಗೆಲ್ಲಲ್ಲ’ ಎಂದು ಕಳಿಸುತ್ತಾನೆ. ಏನೇ ಆದರೂ 1,600 ಜನರಿಗೆ ಅವನು ಹೇಳಿದ್ದು ಸರಿ. ಉಳಿದವರನ್ನು ಬಿಟ್ಟು ಆ 1,600 ಜನರಿಗೆ ಮತ್ತೆ ಇದೇ ಆಟ. 800, 400, 200. ಐದನೇ ಪಂದ್ಯ ಮುಗಿದಾಗ 100 ಜನರ ಮೊಬೈಲಿನಲ್ಲಿ ಐದಕ್ಕೆ ಐದೂ ಸರಿಯಾದ ಭವಿಷ್ಯ ಇರುತ್ತದೆ. ಆ ನೂರು ಜನರಿಗೆ ಬರುತ್ತದೆ ಆರನೇ ಸಂದೇಶ: ‘ಮುಂದಿನದ್ದಕ್ಕೆ 5,000 ರೂಪಾಯಿ ಕಳಿಸಿ.’

ಅವನಿಗೆ ಫುಟ್‌ಬಾಲ್ ಗೊತ್ತಿರಬೇಕಾಗಿಯೇ ಇಲ್ಲ. ಉಳಿದ 3,100 ಜನರಿಗೆ ಏನು ಬಂದಿತ್ತು ಎಂದು ಆ ನೂರು ಜನರಿಗೆ ಕಾಣುವುದಿಲ್ಲ, ಅಷ್ಟೇ ಸಾಕು.

2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿದೆ. ಟಿಪ್ಸ್ ಹೆಸರಲ್ಲಿ ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ. ಇದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಎಷ್ಟು ಬೇಗ ತಿಳಿಸಿದರೆ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಫಾರ್ವರ್ಡ್ ಒತ್ತುವ ಮುನ್ನ

• ಯಾವ ತಂಡ, ಯಾವ ಲೀಗ್, ಯಾವ ಸೀಸನ್? ಮೂರೂ ಸಂದೇಶದಲ್ಲಿ ಇದೆಯೇ?
• ‘ಇತಿಹಾಸ’ ಎಂದರೆ ಎಷ್ಟು ವರ್ಷದ್ದು? ಬಾರದೇ ಹೋದ ತಂಡಗಳ ಹೆಸರೂ ಇದೆಯೇ?
• ‘ಪಕ್ಕಾ’, ‘ಗ್ಯಾರಂಟಿ’, ‘ಒಳಗಿನ ಸುದ್ದಿ’ ಎಂಬ ಪದಗಳಿವೆಯೇ? ಹಣ ಕೇಳಿದ್ದಾರೆಯೇ?

ಎಸ್‌ಸಿ ಬೆಂಗಳೂರು ಬಗ್ಗೆ ಯಾರಾದರೂ ಕೇಳಿದರೆ ಹೀಗೆ ಹೇಳಿದರೆ ಸಾಕು: ‘ಬರಬಹುದು, ಆದರೆ ಬಾರದಿರುವ ಸಾಧ್ಯತೆಯೇ ಹೆಚ್ಚು. ಆಟಗಾರರು ಉಳಿದಿದ್ದಾರಾ, ಕ್ಲಬ್ ಗಟ್ಟಿಯಾಗಿದೆಯಾ ಎಂದು ಮೊದಲು ನೋಡೋಣ.’ ಬೆಂಕಿಯ ಎಮೋಜಿ ಹಾಕಲು ಇದರಲ್ಲಿ ಜಾಗವಿಲ್ಲ. ಆದರೆ ಸೀಸನ್ ಮುಗಿದ ಮೇಲೆ ಅಳಿಸಬೇಕಾದ ಸಂದೇಶವೂ ಇದಲ್ಲ.