ಹಳೆಯ ಹಾಯಿದೋಣಿಯ ಪರೀಕ್ಷೆ

ಕೊಡಗಿಗೆ ಕಡಲಿಲ್ಲ. ಕಾವೇರಿಯ ಹರಿಗೋಲನ್ನು ಬಲ್ಲ ನಮ್ಮವರಿಗೆ ಸಮುದ್ರದ ಹಾಯಿದೋಣಿಯ ಚಿಂತೆ ಏತಕ್ಕೆಂದು ವಾಚಕರು ಕೇಳಬಹುದು. ಆದರೆ ಈ ನಾಡಿನಿಂದ ಭೂಸೇನೆಗೆ ಹೋದವರಂತೆ ನೌಕಾಪಡೆಗೆ ಹೋದವರೂ ಉಂಟು. ಅಂತಹ ಹಿರಿಯ ಮಿತ್ರರೊಬ್ಬರು ನಿವೃತ್ತರಾಗಿ ಮಡಿಕೇರಿಯ ಬಳಿ ಕಾಫಿತೋಟವನ್ನು ನೋಡಿಕೊಂಡಿದ್ದಾರೆ. ಪಶ್ಚಿಮ ತೀರದ ಬಂದರೊಂದರಲ್ಲಿ ಮಾರಾಟಕ್ಕಿದ್ದ ಹಳೆಯ ಹಾಯಿದೋಣಿಯನ್ನು ಕೊಂಡು ಪತ್ನೀಸಮೇತರಾಗಿ ಕರಾವಳಿಯುದ್ದಕ್ಕೂ ಸಂಚರಿಸಬೇಕೆಂಬ ಆಸೆ ಅವರಿಗೆ ಹುಟ್ಟಿತು. ಕೂಡಿಟ್ಟ ಹಣದ ಬಹುಭಾಗ ಅದಕ್ಕೆ ಹೋಗತಕ್ಕದ್ದು. “ನೀವೂ ಬಂದು ನೋಡಿ, ನಿಮ್ಮ ಮಾತನ್ನಾದರೂ ಇವರು ಕೇಳಿಯಾರು” ಎಂದು ಅವರ ಮನೆಯವರು ನಮಗೆ ಹೇಳಿ ಕಳುಹಿಸಿದರು. ನಾವು ಹೋದೆವು.

ದೋಣಿಯು 36 ಅಡಿ ಉದ್ದದ್ದು, ಸುಮಾರು 40 ವರ್ಷದ್ದು, ಫೈಬರ್ ಗ್ಲಾಸಿನದು. ದೋಣಿಯ ತಳದಿಂದ ನೀರಿಗಿಳಿದಿರುವ ಭಾರವಾದ ಏಣನ್ನು ಕೀಲ್ ಎನ್ನುವರು. ಈಗಿನ ದೋಣಿಗಳಲ್ಲಿ ಅದು ಮಧ್ಯದಲ್ಲಿ ಮಾತ್ರ ಮೀನಿನ ರೆಕ್ಕೆಯಂತಿರುವುದು. ಇದರಲ್ಲಾದರೋ ತಳದ ಉದ್ದಕ್ಕೂ ಹಬ್ಬಿ, ಚುಕ್ಕಾಣಿಯು ಅದರ ಹಿಂಬದಿಗೇ ಅಂಟಿಕೊಂಡಿತ್ತು. ಇಂಥ ದೋಣಿ ಹಿಡಿದ ದಾರಿಯನ್ನು ಸುಲಭವಾಗಿ ಬಿಡದು. ಚುಕ್ಕಾಣಿಗೂ ಒಳ್ಳೆಯ ರಕ್ಷಣೆ. ಆದರೆ ಮೆಲುಗಾಳಿಯಲ್ಲಿ ಅದರ ನಡೆ ಮಂದ. ಇಕ್ಕಟ್ಟಾದ ಬಂದರಿನಲ್ಲಿ ಹಿಂದಕ್ಕೆ ನಡೆಸುವುದು ಬಲು ಪ್ರಯಾಸ.

ಈ ಮಾದರಿಯ ಕೀರ್ತಿ ಸಣ್ಣದಲ್ಲ. ರಾಬಿನ್ ನಾಕ್ಸ್ ಜಾನ್‌ಸ್ಟನ್ ಎಂಬ ಆಂಗ್ಲ ನಾವಿಕನು 1968–69ರಲ್ಲಿ ಒಂಟಿಯಾಗಿ, ಎಲ್ಲಿಯೂ ತಂಗದೆ, 312 ದಿನಗಳಲ್ಲಿ ಭೂಮಿಯನ್ನು ಸುತ್ತಿಬಂದ ‘ಸುಹೈಲಿ’ ದೋಣಿಯು ನಮ್ಮ ಮುಂಬಯಿಯಲ್ಲೇ ತೇಗದ ಮರದಿಂದ ಕಟ್ಟಿದ್ದು. ಆ ಸಾಹಸದ ನೆನಪಿಗೆ ನಡೆಯುವ ಗೋಲ್ಡನ್ ಗ್ಲೋಬ್ ಪಂದ್ಯದಲ್ಲಿ 1988ಕ್ಕೆ ಮೊದಲು ರೂಪಿಸಿದ, ಉದ್ದ ಕೀಲಿನ ದೋಣಿಗಳಿಗೇ ಪ್ರವೇಶ. 2023ರಲ್ಲಿ ಅದರ ಎರಡನೆಯ ಸ್ಥಾನವನ್ನು ಪಡೆದವರು ನಮ್ಮ ನೌಕಾಪಡೆಯಿಂದ ನಿವೃತ್ತರಾದ ಅಭಿಲಾಷ್ ಟೋಮಿಯವರು.

ನಮ್ಮ ಮಿತ್ರರು ಈ ಕಥೆಗಳನ್ನೇ ದಾರಿಯುದ್ದಕ್ಕೂ ಹೇಳಿದರು. ನಾವು ಅವರಿಗೆ ಇನ್ನೊಂದನ್ನು ಜ್ಞಾಪಿಸಿದೆವು. ಜೋಶುವಾ ಸ್ಲೋಕಮ್‌ನು 1892ರಲ್ಲಿ ಹೊಲದಲ್ಲಿ ಬಿದ್ದಿದ್ದ ‘ಸ್ಪ್ರೇ’ ಎಂಬ ಹಳೆಯ ದೋಣಿಯನ್ನು ದಾನವಾಗಿ ಪಡೆದನು. ಬಿಟ್ಟಿಯಾಗಿ ಬಂದ ಆ ದೋಣಿಗೆ 13 ತಿಂಗಳ ದುಡಿಮೆಯನ್ನೂ 553 ಡಾಲರುಗಳನ್ನೂ ಸುರಿದು ಹೊಸದೆಂಬಂತೆ ಕಟ್ಟಿದ ಮೇಲೆಯೇ, 1895ರಿಂದ 1898ರವರೆಗೆ ಒಂಟಿಯಾಗಿ ಭೂಪ್ರದಕ್ಷಿಣೆ ಮಾಡಿದನು. ಆನೆಯನ್ನು ಕೊಳ್ಳುವುದಕ್ಕಿಂತ ಸಾಕುವುದು ಕಷ್ಟವೆಂಬುದನ್ನು ಕೊಡಗಿನವರಿಗೆ ಹೇಳಬೇಕಾಗಿಲ್ಲವಷ್ಟೆ.

ದೋಣಿಯ ನಡುವೆ ಚುಕ್ಕಾಣಿ ಹಿಡಿಯುವವರಿಗಾಗಿ ಗಾಜಿನ ಕಿಟಕಿಗಳ ಕೋಣೆಯೊಂದಿತ್ತು. ಮಿತ್ರರ ಪತ್ನಿಗೆ ಅದು ಬಹಳ ಹಿಡಿಸಿತು. ಬಿಸಿಲು, ಮಳೆ, ಅಲೆಯ ತುಂತುರು ಯಾವುದೂ ತಾಗದು. ಆದರೆ ಅಗಲವಾದ ಗಾಜನ್ನು ದೊಡ್ಡ ಅಲೆಯು ಒಡೆಯಬಲ್ಲದು. ಅದಕ್ಕೆ ಹೊರಗಿನಿಂದ ಬಿಗಿಯುವ ಗಟ್ಟಿ ಹಲಗೆಗಳಿರಬೇಕು. ಇಲ್ಲಿ ಅವು ಇರಲಿಲ್ಲ. ಕಿಟಕಿಯ ಚೌಕಟ್ಟಿನಡಿ ನೀರು ಸೋರಿದ ಕಂದುಗೆರೆಗಳಿದ್ದವು.

ಎತ್ತನ್ನು ಕೊಳ್ಳುವವನು ಹಲ್ಲು ನೋಡುವಂತೆ, ದೋಣಿಯನ್ನು ಕೊಳ್ಳುವವನು ಅದನ್ನು ದಡಕ್ಕೆತ್ತಿಸಿ ತಳ ನೋಡತಕ್ಕದ್ದು. ಗುಳ್ಳೆಗಳೆದ್ದಿವೆಯೇ ಎಂದು ಕೈಯಾಡಿಸಬೇಕು. ಮೇಲಿನ ಡೆಕ್ಕನ್ನು ಸಣ್ಣ ಕೊಡತಿಯಿಂದ ತಟ್ಟುತ್ತ ಹೋಗಬೇಕು. ಗಟ್ಟಿಯಾದೆಡೆ ಸ್ಪಷ್ಟವಾದ ನಾದ, ಒಳಗಿನ ಮರ ಕೊಳೆತೆಡೆ ಮಂಕುನಾದ. ಕೂವೆಮರದ ಸುತ್ತ ಎರಡು ಮೊಳದಷ್ಟು ಜಾಗ ಮಂಕಾಗಿ ನುಡಿಯಿತು. ಕೂವೆಮರವನ್ನು ಹಿಡಿದ ತಂತಿಗಳನ್ನು ಹತ್ತು ಹದಿನೈದು ವರ್ಷಕ್ಕೊಮ್ಮೆ ಬದಲಿಸುವುದು ವಾಡಿಕೆ. ಇವು ಅದಕ್ಕಿಂತ ಬಹಳ ಹಳೆಯವು. ಯಂತ್ರವು ತಣ್ಣಗಿರುವಾಗ ಹೊರಡುವುದೇ ಎಂದು ನೋಡಬೇಕು. ಮಾರುವವರು ಅದನ್ನು ನಾವು ಬರುವ ಮೊದಲೇ ಬಿಸಿಮಾಡಿಟ್ಟಿದ್ದರು!

ಬಂದರಿನ ಅನುಭವಸ್ಥ ಕೆಲಸಗಾರನು ಲೆಕ್ಕಹಾಕಿದಾಗ ದುರಸ್ತಿಯ ವೆಚ್ಚವು ದೋಣಿಯ ಬೆಲೆಗೆ ಸಮೀಪಿಸಿತು. ಮಿತ್ರರು ಮೌನವಾದರು. ಅವರ ಪತ್ನಿಯೇ, “ಮನೆ ಸೋರಿದರೆ ಹಂಚು ಬದಲಿಸಬಹುದು, ನಡುನೀರಿನಲ್ಲಿ ಏನು ಮಾಡುವುದು? ಆದರೆ ನೀವು ಆಸೆ ಬಿಡಬೇಕಾಗಿಲ್ಲ” ಎಂದರು.

ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ ದಂಪತಿಗಳು ಒಂದು ಹಂಗಾಮು ಬೇರೆಯವರ ದೋಣಿಯಲ್ಲಿ ಬಾಡಿಗೆಗೆ ಸಂಚರಿಸಿ, ಬಳಿಕ ಕೊಳ್ಳುವ ಮಾತಾಡುವುದೆಂದು ನಿಶ್ಚಯವಾಯಿತು. ಹಿಂದಿರುಗುವಾಗ ಘಟ್ಟದಲ್ಲಿ ಮಳೆ ಹಿಡಿಯಿತು. ಮಿತ್ರರು ಹೊರಗೆ ನೋಡುತ್ತ, “ಕೀಲ್ ಮಾತ್ರ ಬಹಳ ಚೆನ್ನಾಗಿತ್ತು” ಎಂದರು. ನಾವೂ ಒಪ್ಪಿದೆವು.