ಮಳೆಗಾಲದ ಜ್ವರವೂ ಮೊಬೈಲಿನ ಮದ್ದೂ

ಮೈ ಬೆಚ್ಚಗಾದೊಡನೆ ನಮ್ಮ ಕಾಲೇಜು ತರುಣರು ಈಗ ಮೊದಲು ತೆರೆಯುವುದು ಮೊಬೈಲನ್ನು. ಚಳಿ, ತಲೆನೋವು, ಮೈಕೈ ನೋವು ಎಂದು ಲಕ್ಷಣಗಳನ್ನು ತಿಳಿಸಿದರೆ ಕ್ಷಣಾರ್ಧದಲ್ಲಿ ರೋಗಗಳ ಪಟ್ಟಿಯೊಂದು ಮೂಡುತ್ತದೆ. ಅದನ್ನು ನಂಬಿ, ಹತ್ತಿರದ ಔಷಧದಂಗಡಿಯಿಂದ ಮಾತ್ರೆ ತಂದು ನುಂಗಿ, ಡೊಂಬಿವಿಲಿಯಿಂದಲೋ ವಿರಾರಿನಿಂದಲೋ ಲೋಕಲ್ ಹತ್ತುವವರನ್ನು ನಾವು ನಿತ್ಯವೂ ಕಾಣುತ್ತೇವೆ. ತಾಯ್ತಂದೆಗಳು ಊರಿನಲ್ಲಿ, ತಾವು ಬಾಡಿಗೆಯ ಖೋಲಿಯಲ್ಲಿ. ವೈದ್ಯರ ಶುಲ್ಕವೂ ಹೊರೆಯೇ. ಅವರ ಕಷ್ಟ ನಮಗೆ ತಿಳಿಯದ್ದಲ್ಲ.

ಆದರೆ ಈ ಯಂತ್ರವೈದ್ಯನ ಯೋಗ್ಯತೆಯೆಷ್ಟು? ಹಾರ್ವರ್ಡಿನ ಸಂಶೋಧಕರು ಇಂತಹ 23 ಸಾಧನಗಳನ್ನು ಪರೀಕ್ಷಿಸಿ 2015ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸರಿಯಾದ ರೋಗವನ್ನು ಮೊದಲನೆಯದಾಗಿ ಹೆಸರಿಸಿದುದು ನೂರಕ್ಕೆ 34 ಸಲ ಮಾತ್ರ. ಅನಂತರ ಸಾಧನಗಳು ಸುಧಾರಿಸಿರಬಹುದು. ಆದರೂ ರಕ್ತಪರೀಕ್ಷೆಯ ಕೆಲಸವನ್ನು ಪ್ರಶ್ನೋತ್ತರ ಮಾಡಲಾರದು.

ಮುಂಬಯಿಯ ಮಳೆಗಾಲದಲ್ಲಿ ಇದು ಪ್ರಾಣದ ಪ್ರಶ್ನೆ. ಮಲೇರಿಯಾ, ಡೆಂಗ್ಯೂ, ನೆರೆನೀರಿನಲ್ಲಿ ನಡೆದವರನ್ನು ಕಾಡುವ ಲೆಪ್ಟೊಸ್ಪೈರೋಸಿಸ್ ಇವೆಲ್ಲ ಆರಂಭದಲ್ಲಿ ಒಂದೇ ಬಗೆಯಾಗಿ ತೋರುತ್ತವೆ. 2005ರ ಜುಲೈ 26ರ ಮಹಾಮಳೆಯ ಬಳಿಕ ಲೆಪ್ಟೊಸ್ಪೈರೋಸಿಸ್ ಈ ನಗರದಲ್ಲಿ ಹರಡಿದುದನ್ನು ಹಿರಿಯರು ಮರೆತಿಲ್ಲ. ನೋವಿಗೆಂದು ನುಂಗುವ ಐಬುಪ್ರೊಫೆನ್, ಆಸ್ಪಿರಿನ್‌ಗಳು ಡೆಂಗ್ಯೂ ರೋಗಿಯಲ್ಲಿ ರಕ್ತಸ್ರಾವದ ಭಯವನ್ನು ಹೆಚ್ಚಿಸುತ್ತವೆ. ಡೆಂಗ್ಯೂವಿನ ಅಪಾಯಕಾಲ ಬರುವುದು ಸಾಮಾನ್ಯವಾಗಿ ಜ್ವರ ಇಳಿಯುವಾಗಲೇ. ಮಾತ್ರೆ ಫಲಿಸಿತೆಂದು ತರುಣನು ಕಾಲೇಜಿಗೆ ಹೊರಡುವ ದಿನವೇ ಹೊಟ್ಟೆನೋವು, ವಾಂತಿ, ಒಸಡಿನ ರಕ್ತ ಕಾಣಿಸಬಹುದು. ಆಗ ತಡಮಾಡದೆ ಆಸ್ಪತ್ರೆ ಸೇರಬೇಕು.

ಪ್ಯಾರಾಸಿಟಮಾಲ್ ಇವುಗಳಿಗಿಂತ ಕ್ಷೇಮಕರ, ಅದಕ್ಕೂ ಮಿತಿಯುಂಟು. ಆರೋಗ್ಯವಂತ ವಯಸ್ಕರಿಗೂ ದಿನಕ್ಕೆ 4 ಗ್ರಾಮ್, ಎಂದರೆ 500 ಮಿಲಿಗ್ರಾಮಿನ 8 ಮಾತ್ರೆಗಳನ್ನು ಮೀರಬಾರದು. ನೆಗಡಿಯ ಅನೇಕ ಮಾತ್ರೆಗಳಲ್ಲಿಯೂ ಇದೇ ಮದ್ದು ಅಡಗಿರುವುದರಿಂದ, ಎರಡು ಹೆಸರಿನ ಮಾತ್ರೆಗಳನ್ನು ಒಟ್ಟಿಗೆ ನುಂಗುವವರು ಅರಿಯದೆಯೇ ಯಕೃತ್ತಿಗೆ ಕೇಡು ತಂದುಕೊಳ್ಳುತ್ತಾರೆ. ಪೊಟ್ಟಣದ ಮೇಲೆ ಕೆಂಪು ಗೆರೆಯಿದ್ದರೆ ಅದು ವೈದ್ಯರ ಚೀಟಿಯಿಲ್ಲದೆ ಕೊಳ್ಳತಕ್ಕ ಔಷಧವಲ್ಲ. ಅಂಗಡಿಯವರು ಕೊಟ್ಟರೆಂಬ ಕಾರಣದಿಂದ ಅದು ನಿರಪಾಯವಾಗದು.

ಪರೇಲಿನ ಕೆ.ಇ.ಎಂ., ಶೀವದ ಆಸ್ಪತ್ರೆ, ನಾಯರ್ ಮೊದಲಾದ ಪಾಲಿಕೆಯ ಆಸ್ಪತ್ರೆಗಳಲ್ಲಿ ಅಲ್ಪ ವೆಚ್ಚದಲ್ಲಿ ಚಿಕಿತ್ಸೆಯುಂಟು. 2022ರಿಂದ ಪಾಲಿಕೆಯು ಬಡಾವಣೆಗಳಲ್ಲಿ ಆಪ್ಲಾ ದವಾಖಾನಾಗಳನ್ನೂ ತೆರೆದಿದೆ. ಮೊಬೈಲು ವೈದ್ಯರಿಗೆ ಹೇಳಬೇಕಾದುದನ್ನು ನೆನಪಿಸಲಿ. ಮಳೆಗಾಲದ ಜ್ವರಕ್ಕೆ ಮದ್ದನ್ನು ರಕ್ತಪರೀಕ್ಷೆಯ ಬಳಿಕ ವೈದ್ಯರೇ ನಿಶ್ಚಯಿಸಲಿ. ಖೋಲಿಯ ಜತೆಗಾರರೂ ನೆರೆಯ ಹಿರಿಯರೂ ಜ್ವರಪೀಡಿತ ತರುಣನನ್ನು ಅಲ್ಲಿಯವರೆಗೆ ಕರೆದೊಯ್ದರೆ, ಊರಿನಲ್ಲಿರುವ ತಾಯಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.