ಸಲಾಲದಲ್ಲಿ ಬಾಡಿಗೆ ಕಾರು: ಕೀಲಿ ಕೈಗೆ ಬರುವ ಮೊದಲು ಕಾಗದ ಓದಬೇಕು

ಗಲ್ಫ್‌ನಲ್ಲಿ ದುಡಿಯುವ ಕರಾವಳಿಯವರಿಗೆ ಸಲಾಲ ಹೊಸ ಹೆಸರೇನಲ್ಲ. ಒಮಾನಿನ ದಕ್ಷಿಣದಲ್ಲಿರುವ ಧೋಫಾರ್ ಪ್ರಾಂತದ ರಾಜಧಾನಿ ಅದು. ಮಸ್ಕತ್‌ನಿಂದ ರಸ್ತೆಯಲ್ಲಿ ಹೋದರೆ ಸುಮಾರು 1,000 ಕಿ.ಮೀ. ಮರುಭೂಮಿ ದಾಟಿ ಬಂದವರಿಗೆ ಅಲ್ಲಿ ಮೊದಲು ಕಾಣುವುದು ತೆಂಗು, ಬಾಳೆ, ಪಪ್ಪಾಯಿ ತೋಟ. ರಸ್ತೆ ಬದಿಯಲ್ಲಿ ಬೊಂಡ ಕೆತ್ತಿ ಕೊಡುವ ಅಂಗಡಿಗಳ ಸಾಲು. ಊರಿನಿಂದ ಮಗನ ಬಳಿಗೆ ವಿಸಿಟ್ ವೀಸಾದಲ್ಲಿ ಬಂದ ಅಪ್ಪ-ಅಮ್ಮನಿಗೆ ಇದು ಕುಂಬಳೆಯೋ ಉಪ್ಪಳವೋ ಅಂತ ಒಂದು ಕ್ಷಣ ಅನಿಸಿದರೆ ತಪ್ಪಿಲ್ಲ. 14ನೇ ಶತಮಾನದಲ್ಲಿ ಇಲ್ಲಿಗೂ ಮಂಗಳೂರಿಗೂ ಬಂದಿದ್ದ ಇಬ್ನ್ ಬತೂತ, ಧೋಫಾರಿನ ತೆಂಗು ಮತ್ತು ವೀಳ್ಯದೆಲೆಯನ್ನು ಭಾರತದ ಜೊತೆಗೇ ಹೋಲಿಸಿ ಬರೆದಿದ್ದಾನೆ.

ಹೋಗುವ ಕಾಲ ಯಾವುದು ಎಂಬುದೇ ಮೊದಲ ಪ್ರಶ್ನೆ. ಜೂನ್ ಕೊನೆಯಿಂದ ಸೆಪ್ಟೆಂಬರ್ ಮೂರನೇ ವಾರದವರೆಗೆ ಅಲ್ಲಿ ಖರೀಫ್. ಕಾಸರಗೋಡಿಗೆ ಮಳೆ ತರುವ ಅದೇ ನೈಋತ್ಯ ಗಾಳಿ ಅಲ್ಲಿಗೂ ಬರ್ತದೆ. ಆದರೆ ಆ ಕಾಲದಲ್ಲಿ ತೀರದ ಸಮುದ್ರದಾಳದಿಂದ ತಣ್ಣನೆಯ ನೀರು ಮೇಲೆ ಬರುವುದರಿಂದ ತೇವದ ಗಾಳಿ ತಂಪಾಗಿ, ಬೆಟ್ಟಕ್ಕೆ ತಾಗಿ, ಮಂಜು ಮತ್ತು ಜಿನುಗು ಮಳೆಯಾಗಿ ನಿಲ್ಲುತ್ತದೆ. ನಮ್ಮೂರಿನ ಹಾಗೆ ಸುರಿಯುವುದಿಲ್ಲ. ದುಬೈ, ರಿಯಾದ್‌ನ ಬಿಸಿಲಿನಿಂದ ಓಡಿ ಬರುವವರಿಗೆ ಅದು ಸ್ವರ್ಗ. ಆದರೆ ಊರಿನಲ್ಲಿ ನಾಲ್ಕು ತಿಂಗಳು ಕೊಡೆ ಹಿಡಿಯುವವರು ದುಡ್ಡು ಕೊಟ್ಟು ಮಂಜು ನೋಡಲು ಯಾಕೆ ಹೋಗಬೇಕು? ಅಕ್ಟೋಬರ್ ನಂತರ ಮಾರ್ಚ್‌ವರೆಗೆ ಆಕಾಶ ತಿಳಿಯಾಗಿರ್ತದೆ, ಬಿಸಿಲು ಹಿತವಾಗಿರ್ತದೆ, ರಸ್ತೆ ಕಾಣ್ತದೆ, ಕೋಣೆ ಬಾಡಿಗೆಯೂ ಇಳಿದಿರ್ತದೆ. ಅಕ್ಟೋಬರ್‌ನಲ್ಲಾದರೆ ಬೆಟ್ಟದ ಹಸಿರೂ ಸ್ವಲ್ಪ ಉಳಿದಿರ್ತದೆ.

ನಗರ ನೋಡಲು ಟ್ಯಾಕ್ಸಿ ಸಾಕು. ಹಳೆಯ ಝಫಾರ್ ಬಂದರಿನ ಅವಶೇಷಗಳಿರುವ ಅಲ್ ಬಲೀದ್, ಅದರ ಪಕ್ಕದ ಮ್ಯೂಸಿಯಂ, ಲೋಬಾನದ ಪೇಟೆ, ನಬಿ ಇಮ್ರಾನ್ ಅವರದೆಂದು ಹೇಳುವ ಉದ್ದನೆಯ ಗೋರಿ ಎಲ್ಲ ಹತ್ತಿರ ಹತ್ತಿರ. ಚೇರಮಾನ್ ಪೆರುಮಾಳರದೆಂದು ನಂಬಲಾದ ಗೋರಿಯೂ ಸಲಾಲದಲ್ಲೇ ಇದೆ. ಮಕ್ಕಾದಿಂದ ಮರಳುವಾಗ ರಾಜ ಇಲ್ಲಿ ತೀರಿಕೊಂಡರು, ಅವರ ಪತ್ರ ಹಿಡಿದು ಮಾಲಿಕ್ ದೀನಾರ್ ಮತ್ತು ಸಂಗಡಿಗರು ನಮ್ಮ ಕರಾವಳಿಗೆ ಬಂದರು ಎಂಬುದು ಐತಿಹ್ಯ. ಕಾಲದ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಆದರೂ ತಳಂಗರೆಯ ಮಸೀದಿ, ಮಂಗಳೂರು ಬಂದರಿನ ಮಸೀದಿ ನೋಡಿ ಬೆಳೆದವರಿಗೆ ಆ ಜಾಗ ಬೇರೆಯೇ ರೀತಿ ಕಾಣ್ತದೆ.

ಟ್ಯಾಕ್ಸಿ ಸಾಲದಾಗುವುದು ನಗರದ ಹೊರಗೆ. ಅಲ್ಲಿ ಬಸ್ಸು ನಂಬಿ ಹೊರಡಲು ಆಗುವುದಿಲ್ಲ, ಬಾಡಿಗೆ ಕಾರೇ ಬೇಕು. ದಿನದ ಬಾಡಿಗೆ ಎಷ್ಟು ಅಂತ ಎಲ್ಲರೂ ಕೇಳ್ತಾರೆ, ಕಾಗದದ ಹಿಂದಿನ ಸಣ್ಣ ಅಕ್ಷರ ಯಾರೂ ಓದುವುದಿಲ್ಲ. ಖರ್ಚು ಕೂತಿರುವುದು ಅಲ್ಲೇ.

ಮೊದಲನೆಯದು ಕಿಲೋಮೀಟರ್ ಮಿತಿ. ಹೆಚ್ಚಿನ ಬಾಡಿಗೆ ಕಾರಿಗೆ ದಿನಕ್ಕೆ 200 ಅಥವಾ 250 ಕಿ.ಮೀ. ಅಂತ ಬರೆದಿರ್ತದೆ. ಇದನ್ನು ದಿನದಿನಕ್ಕೆ ಲೆಕ್ಕ ಹಾಕ್ತಾರೋ, ಒಟ್ಟು ದಿನಕ್ಕೆ ಸೇರಿಸಿ ಹಾಕ್ತಾರೋ ಅಂತ ಕೇಳಿ ಬರೆಸಿಕೊಳ್ಳಬೇಕು. ಮೂರು ದಿನದ ಉದಾಹರಣೆ ತೆಗೆದುಕೊಂಡರೆ, ಮಿರ್ಬಾತ್‌ಗೆ ಹೋಗಿ ಬರಲು ಸುಮಾರು 150, ಮುಗ್ಸೈಲ್‌ಗೆ 80, ಶಿಸ್ರ್‌ಗೆ 340, ಒಟ್ಟು 570. ದಿನಕ್ಕೆ 200ರಂತೆ ಒಟ್ಟು 600 ಅಂತಾದರೆ ಎಲ್ಲವೂ ಅದರೊಳಗೆ. ದಿನದ ಲೆಕ್ಕವಾದರೆ ಶಿಸ್ರ್‌ನ ದಿನ 140 ಕಿ.ಮೀ. ಹೆಚ್ಚು. ಕಿ.ಮೀ.ಗೆ 50 ಬೈಸಾ ಅಂತ ಇಟ್ಟುಕೊಂಡರೂ 7 ರಿಯಾಲ್, ಅಂದರೆ ಒಂದೂವರೆ ಸಾವಿರ ರೂಪಾಯಿಗೂ ಮೇಲೆ. ಅದೇ ಕಾರು, ಅದೇ ದಾರಿ. ಒಂದು ವಾಕ್ಯದ ವ್ಯತ್ಯಾಸ ಅಷ್ಟೇ.

ಎರಡನೆಯದು ವಿಮೆ. 'ಫುಲ್ ಇನ್ಶೂರೆನ್ಸ್' ಅಂತ ಬಾಯಲ್ಲಿ ಹೇಳಿದರೆ ಅದು ಪೂರ್ತಿ ಅಲ್ಲ. ಅಪಘಾತವಾದರೆ ಮೊದಲ ಇಂತಿಷ್ಟು ಹಣ ಗಿರಾಕಿಯದೇ ಅಂತ ಷರತ್ತು ಇರ್ತದೆ. ಅದು 200 ರಿಯಾಲ್ ಇದ್ದರೆ 40 ಸಾವಿರ ರೂಪಾಯಿಗೂ ಮೇಲಾಯಿತು. ಅಂಗಡಿಯಲ್ಲಿ ದುಡಿಯುವ ಹುಡುಗನಿಗೆ ತಿಂಗಳ ಸಂಬಳವೇ ಹೋಯಿತು. ದಿನಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೆ ಈ ಮೊತ್ತ ಇಳಿಸುವ ವ್ಯವಸ್ಥೆ ಹಲವು ಕಡೆ ಇದೆ. ಮೂರು ದಿನದ ಮಟ್ಟಿಗೆ ಅದು ದಂಡವಲ್ಲ. ಇನ್ನು ಟಯರ್, ಗಾಜು, ಕಾರಿನ ಅಡಿಭಾಗ ಸಾಮಾನ್ಯವಾಗಿ ವಿಮೆಯ ಹೊರಗೆ. ಡಾಂಬರು ಬಿಟ್ಟು ಇಳಿದ ಕಾರಿಗೆ ಆದ ಹಾನಿಯೂ ಹೊರಗೆ. ಪೊಲೀಸ್ ಅಥವಾ ವಿಮೆಯ ಅಪಘಾತ ವರದಿ ಇಲ್ಲದೆ ಕ್ಲೈಮ್ ಇಲ್ಲ. ಸಣ್ಣ ತಾಗಾಟ ಅಂತ ಅಲ್ಲೇ ರಾಜಿ ಮಾಡಿಕೊಂಡು ಬಂದವರು ಕೊನೆಗೆ ಕೈಯಿಂದ ಕಟ್ಟಬೇಕಾಗ್ತದೆ. ತುರ್ತಿಗೆ ಪೊಲೀಸ್ ನಂಬರ್ 9999.

ಗಲ್ಫ್ ಲೈಸೆನ್ಸ್ ಇದ್ದವರಿಗೆ ದೊಡ್ಡ ತಲೆನೋವಿಲ್ಲ. ಊರಿನ ಲೈಸೆನ್ಸ್ ಮಾತ್ರ ಇರುವ ಅಣ್ಣ-ತಮ್ಮಂದಿರು ಸ್ಟಿಯರಿಂಗ್ ಹಿಡಿಯುವುದಾದರೆ ಹೊರಡುವ ಮೊದಲೇ ಆರ್‌ಟಿಒದಲ್ಲಿ ಅಂತಾರಾಷ್ಟ್ರೀಯ ಪರವಾನಗಿ ಮಾಡಿಸಿಕೊಳ್ಳುವುದು ಒಳ್ಳೆಯದು, ಅದರ ಅವಧಿ ಹೆಚ್ಚೆಂದರೆ ಒಂದು ವರ್ಷ. ಯಾರೆಲ್ಲ ಓಡಿಸ್ತಾರೋ ಅವರ ಹೆಸರೆಲ್ಲ ಕಾಗದದಲ್ಲಿರಬೇಕು. ಅಲ್ಲಿ ಬಲಬದಿಯ ಸಂಚಾರ. ಊರಿನಿಂದ ಹೋದವರು ಇಂಡಿಕೇಟರ್ ಅಂತ ವೈಪರ್ ಹಾಕುವುದು ನಗುವ ವಿಷಯ. ಆದರೆ ವೃತ್ತದಲ್ಲಿ ಬಲಕ್ಕೆ ನೋಡಿ ನುಗ್ಗುವುದು ನಗುವ ವಿಷಯವಲ್ಲ. ವೃತ್ತದೊಳಗಿನ ವಾಹನ ಎಡದಿಂದ ಬರ್ತದೆ, ಅದಕ್ಕೇ ದಾರಿ ಬಿಡಬೇಕು.

ಪಶ್ಚಿಮಕ್ಕೆ ಮುಗ್ಸೈಲ್ ಸುಮಾರು 40 ಕಿ.ಮೀ. ಬಂಡೆಯ ರಂಧ್ರಗಳಿಂದ ಕಡಲ ನೀರು ಚಿಮ್ಮುವ ಜಾಗ. ಸಮುದ್ರ ಜೋರಿದ್ದಾಗ ಮಾತ್ರ ಅದರ ಆಟ. ಅಲ್ಲಿಂದ ಮುಂದೆ ರಸ್ತೆ ತಿರುವು ತಿರುವಾಗಿ ಬೆಟ್ಟ ಏರಿ ಯೆಮನ್ ಗಡಿಯತ್ತ ಹೋಗ್ತದೆ. ಚೆಕ್‌ಪೋಸ್ಟ್ ಇರುವುದರಿಂದ ಪಾಸ್‌ಪೋರ್ಟ್, ಕಾರಿನ ಕಾಗದ ಜೊತೆಗಿರಬೇಕು. ಕೆಳಗೆ ಕಾಣುವ ನಿರ್ಜನ ಬೀಚ್‌ಗಳಿಗೆ ಇಳಿಯುವ ಕಚ್ಚಾ ದಾರಿ ಸಣ್ಣ ಸೆಡಾನ್‌ಗೆ ಹೇಳಿದ್ದಲ್ಲ. ಫೋರ್‌ವೀಲ್ ಗಾಡಿ ಇದ್ದರೂ ಕಾಗದದಲ್ಲಿ ಅನುಮತಿ ಇದೆಯಾ ನೋಡಬೇಕು.

ಪೂರ್ವಕ್ಕೆ ಒಂದೇ ದಾರಿಯಲ್ಲಿ ತಾಕಾ, ಖೋರ್ ರೋರಿಯ ಸುಮ್‌ಹುರಮ್ ಅವಶೇಷ, ವಾದಿ ದರ್ಬಾತ್, ಕೊನೆಗೆ ಹಳೆ ಮೀನುಗಾರರ ಪೇಟೆ ಮಿರ್ಬಾತ್ ಸಿಗ್ತವೆ. ಕುಟುಂಬ ಸಮೇತ ಹೋಗುವವರಿಗೆ ಇದೇ ಉತ್ತಮ. ಮಿರ್ಬಾತ್ ಹತ್ತಿರ ಕಾರು ತಾನಾಗಿ ಏರು ಹತ್ತುವಂತೆ ತೋರುವ ರಸ್ತೆಯೊಂದಿದೆ. ಅದು ಕಣ್ಣಿನ ಭ್ರಮೆ. ನಡುರಸ್ತೆಯಲ್ಲಿ ನ್ಯೂಟ್ರಲ್ ಹಾಕಿ ರೀಲ್ಸ್ ಮಾಡುವವರ ಹಿಂದಿನಿಂದ ಬರುವ ಲಾರಿ ಭ್ರಮೆಯಲ್ಲ. ಮಿರ್ಬಾತ್ ದಾಟಿ ಹಾಸಿಕ್ ಕಡೆಗೆ ಹೋಗುವುದಾದರೆ ಟ್ಯಾಂಕ್ ತುಂಬಿಸಿಯೇ ಹೋಗಬೇಕು.

ಉತ್ತರಕ್ಕೆ ಬೆಟ್ಟ ದಾಟಿದ ಕೂಡಲೇ ಹಸಿರು ಮುಗೀತದೆ. ವಾದಿ ದೌಕಾದಲ್ಲಿ ಲೋಬಾನದ ಮರಗಳು, ನಂತರ ಥುಮ್ರೈತ್, ಆಮೇಲೆ ಮರುಭೂಮಿಯ ಅಂಚಿನ ಶಿಸ್ರ್. ಬಾಹ್ಯಾಕಾಶ ನೌಕೆಯ ರಾಡಾರ್ ಚಿತ್ರ ಇಟ್ಟುಕೊಂಡು ಹುಡುಕಿದವರು 1990ರ ದಶಕದ ಆರಂಭದಲ್ಲಿ ಇದೇ ಕಳೆದುಹೋದ ಉಬಾರ್ ನಗರ ಅಂದರು, ಒಪ್ಪದ ವಿದ್ವಾಂಸರೂ ಇದ್ದಾರೆ. ಅಲ್ಲಿ ನೋಡಲು ಇರುವುದು ಕುಸಿದ ಗುಂಡಿ ಮತ್ತು ಕೋಟೆಯ ಗೋಡೆ ಮಾತ್ರ, ಮಕ್ಕಳಿಗೆ ಬೇಸರ ಬಂದೀತು. ಅದರಾಚೆಯ ಮರಳುದಿಬ್ಬಗಳಿಗೆ ಬಾಡಿಗೆ ಕಾರು ಬಿಟ್ಟು ಗೊತ್ತಿರುವ ಚಾಲಕನ ಗಾಡಿಯಲ್ಲೇ ಹೋಗುವುದು ಕ್ಷೇಮ.

ಎಲ್ಲಕ್ಕಿಂತ ಭಯ ಒಂಟೆಯದು. ಧೋಫಾರಿನಲ್ಲಿ ಒಂಟೆಗಳು ಬಿಡಾಡಿಯಾಗಿ ಮೇಯುತ್ತವೆ, ರಾತ್ರಿ ರಸ್ತೆಗೆ ಬರ್ತವೆ. ಕಾಲು ಉದ್ದವಾದ್ದರಿಂದ ಕಾರು ಹೊಡೆದಾಗ ಇಡೀ ದೇಹ ನೇರ ಮುಂದಿನ ಗಾಜಿನ ಮೇಲೆ ಬೀಳ್ತದೆ. ಸೀಟ್‌ಬೆಲ್ಟ್ ಇದ್ದವರೂ ಉಳಿಯುವುದು ಕಷ್ಟ. ಆದ್ದರಿಂದ ದೂರದ ದಾರಿ ಸುಬಹಿ ಮುಗಿಸಿ ಹೊರಟು ಮಗ್ರಿಬ್ ಮೊದಲು ನಗರ ಸೇರುವ ಹಾಗೆ ಲೆಕ್ಕ ಹಾಕಬೇಕು. ಮಳೆ ಬಂದು ವಾದಿಯಲ್ಲಿ ನೀರು ಹರಿಯುತ್ತಿದ್ದರೆ ಎಷ್ಟು ಆಳ ಅಂತ ನೋಡಲೂ ಕಾರು ಇಳಿಸಬಾರದು. ಅದು ಅಲ್ಲಿ ಕಾನೂನು ಪ್ರಕಾರವೂ ಅಪರಾಧ.

ಕಾರು ತೆಗೆದುಕೊಳ್ಳುವಾಗ ಮತ್ತು ವಾಪಸ್ ಕೊಡುವಾಗ ನಾಲ್ಕೂ ಬದಿ, ಟಯರ್, ಮೀಟರ್, ಪೆಟ್ರೋಲ್ ಮುಳ್ಳು ಎಲ್ಲ ಸೇರಿಸಿ ವೀಡಿಯೊ ಮಾಡಿಟ್ಟರೆ ಹಳೆ ಗೀರಿಗೆ ಹೊಸ ಬಿಲ್ ಬರುವುದು ತಪ್ತದೆ. ರಾಡಾರ್ ದಂಡ ತಡವಾಗಿ ಬರುವುದರಿಂದ ಕಾರ್ಡ್‌ನಲ್ಲಿ ತಡೆಹಿಡಿದ ಠೇವಣಿ ಕೂಡಲೇ ಬಿಡುಗಡೆಯಾಗುವುದಿಲ್ಲ. ಅದೇ ಹಣವನ್ನು ಊರಿಗೆ ಹೋಗುವ ಟಿಕೆಟ್‌ಗೆ ಅಂತ ಇಟ್ಟುಕೊಂಡವರು ಮೊದಲೇ ಬೇರೆ ವ್ಯವಸ್ಥೆ ಮಾಡಿಕೊಂಡಿರಬೇಕು.